ಹಳೇ ಬಟ್ಟೆ ಕೊಡದ ಮನೆ

ನನ್ನ ಮಕ್ಕಳಿಬ್ಬರೂ ಇವತ್ತಿನವರೆಗೆ ಬೇರೆಯವರು ಹಾಕಿ ಬಿಟ್ಟ ಒಂದೇ ಒಂದು ಬಟ್ಟೆಯನ್ನೂ ಮೈಗೆ ಸೋಕಿಸಿಲ್ಲ. ಮಗಳಿಗೆ ಆರು ವರ್ಷ, ಮಗನಿಗೆ ಮೂರು. ಹುಟ್ಟಿದಾಗ ತಲೆಗೆ ಕಟ್ಟಿದ ಕುಲಾವಿಯಿಂದ ಹಿಡಿದು ಈಗ ಹೆಗಲಿಗೆ ಹಾಕಿಕೊಂಡು ಹೋಗುವ ಚೀಲದವರೆಗೆ ಎಲ್ಲ ನಾನೇ ಹೊಲಿದದ್ದು. ಇದನ್ನು ಜಂಬ ಅಂದುಕೊಳ್ಳುವವರು ಅಂದುಕೊಳ್ಳಲಿ. ಜಂಬವೇ.

ಹಾಗಂತ ನಾನೇನು ಪಳಗಿದ ದರ್ಜಿಯಲ್ಲ. ಮಳವಳ್ಳಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಮಗನ ಚಡ್ಡಿಯ ಹಿಂದಿನ ಹೊಲಿಗೆ ನೋಡಿದರೆ ಯಾರಿಗಾದರೂ ನಗು ಬರುತ್ತದೆ. ಮಗಳ ಲಂಗದ ನೆರಿಗೆ ಒಂದು ಕಡೆ ಹನ್ನೊಂದಿದ್ದರೆ ಇನ್ನೊಂದು ಕಡೆ ಹದಿಮೂರು. ಲೆಕ್ಕದ ಟೀಚರಿಗೆ ನೆರಿಗೆ ಎಣಿಸೋಕೆ ಬರಲ್ಲ ಎಂದು ನಮ್ಮ ಮನೆಯವರು ರೇಗಿಸುತ್ತಾರೆ. ಸ್ಟಾಫ್ ರೂಮಿನಲ್ಲಿ ಬೇರೆ ಥರದ ಮಾತು. ಅಂಗಡಿಯಲ್ಲಿ ರೆಡಿಮೇಡು ರಾಶಿ ಬಿದ್ದಿರುವಾಗ ಇವಳು ಯಾಕೆ ಕಣ್ಣು ಕಳೆದುಕೊಳ್ಳುತ್ತಾಳೆ, ಸಂಬಳ ಬರುತ್ತದಲ್ಲ ಎಂದು. ಮದ್ದೂರಿನಿಂದ ದಿನಾ ಬಸ್ಸಿನಲ್ಲಿ ಬರುವ ಒಬ್ಬ ಟೀಚರಂತೂ ಒಂದು ದಿನ ಪಾಪ ಒಳ್ಳೆಯ ಮನಸ್ಸಿನಿಂದಲೇ ತಮ್ಮ ಮಗಳಿಗೆ ಚಿಕ್ಕದಾದ ಫ್ರಾಕುಗಳನ್ನು ಒಂದು ಚೀಲದ ತುಂಬ ತಂದು ನನ್ನ ಮೇಜಿನ ಮೇಲಿಟ್ಟರು. ಎಲ್ಲ ಇಸ್ತ್ರಿ ಮಾಡಿ ಮಡಚಿದ್ದವು. ನಾನು ಚೀಲದ ಬಾಯಿ ಕಟ್ಟಿ ಅವರ ಮೇಜಿಗೆ ವಾಪಸು ಇಟ್ಟೆ. ಅವರು ಎರಡು ತಿಂಗಳು ನನ್ನ ಜೊತೆ ಊಟಕ್ಕೆ ಕೂರಲಿಲ್ಲ. ಸೊಕ್ಕು ಎಂದರಂತೆ. ಹೌದು, ಆ ವಿಷಯದಲ್ಲಿ ನನಗೆ ಸೊಕ್ಕಿದೆ, ಅದು ಎಲ್ಲಿಂದ ಬಂತು ಎಂದು ಹೇಳುತ್ತೇನೆ.

ನಮ್ಮೂರು ಬೆಳಕವಾಡಿಗೆ ಹೋಗುವ ದಾರಿಯಲ್ಲಿ ಸಿಗುವ ಒಂದು ಹಳ್ಳಿ. ಊರಿನಾಚೆಗೆ ನಮ್ಮ ಕೇರಿ. ಅವ್ವ ಊರೊಳಗಿನ ದೊಡ್ಡ ಮನೆಯಲ್ಲಿ ಕೊಟ್ಟಿಗೆ ಕೆಲಸ ಮಾಡುತ್ತಿದ್ದಳು. ಸಗಣಿ ಬಾಚುವುದು, ಹುಲ್ಲು ಹಾಕುವುದು, ಹಿತ್ತಲು ಗುಡಿಸುವುದು. ಹಿತ್ತಿಲ ಬಾಗಿಲಿನಿಂದಾಚೆಗೆ ಅವಳಿಗೆ ಆ ಮನೆ ಹೇಗಿದೆ ಎಂಬುದೇ ಗೊತ್ತಿರಲಿಲ್ಲ. ಯುಗಾದಿಗೆ ಮುಂಚೆ ಆ ಮನೆಯ ಯಜಮಾನಿ ಒಂದು ಗಂಟು ಬಟ್ಟೆಯನ್ನು ಹಿತ್ತಿಲ ಕಟ್ಟೆಯ ಮೇಲೆ ಇಟ್ಟು ಒಳಗೆ ಹೋಗುತ್ತಿದ್ದರು. ಅವರು ಹೋದ ಮೇಲೆ ಅವ್ವ ಅದನ್ನು ಎತ್ತಿಕೊಳ್ಳಬೇಕಿತ್ತು. ಆ ಗಂಟಿನಲ್ಲಿ ಇರುತ್ತಿದ್ದದ್ದೇ ನನ್ನ ವರ್ಷದ ಬಟ್ಟೆ, ಯಾಕೆಂದರೆ ಆ ಮನೆಯಲ್ಲಿ ನನ್ನ ವಯಸ್ಸಿನ ಒಬ್ಬ ಮಗಳಿದ್ದಳು. ಊರ ಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಕ್ಲಾಸು.

ನಾಲ್ಕನೇ ಕ್ಲಾಸಿನಲ್ಲಿ ಗಂಟಿನೊಳಗೆ ಒಂದು ಫ್ರಾಕು ಬಂತು. ಬದನೇಕಾಯಿ ಬಣ್ಣ, ಮೇಲೆ ಬಿಳಿ ಹೂವು. ಹಿಂದಿನ ವರ್ಷ ಇಡೀ ಅವಳ ಮೈಮೇಲೆ ನೋಡಿದ್ದ ಫ್ರಾಕು. ಅದನ್ನು ಹಾಕಿಕೊಂಡು ಅವಳ ಕಣ್ಣೆದುರಿಗೇ ಹೋಗುವುದು ನನ್ನಿಂದ ಆಗುತ್ತಿರಲಿಲ್ಲ. ಅವ್ವನಿಗೆ ಹೇಳದೆ ಬ್ಲೇಡು ತಗೊಂಡು ಕೂತು ಫ್ರಾಕಿನ ಎಲ್ಲ ಹೊಲಿಗೆಯನ್ನೂ ಬಿಚ್ಚಿದೆ. ತೋಳು ಬೇರೆ, ಕುತ್ತಿಗೆ ಪಟ್ಟಿ ಬೇರೆ, ನೆರಿಗೆ ಬೇರೆ. ಬಟ್ಟೆಯ ಒಳಮಗ್ಗುಲು ಮಾಸಿದಂತೆ ಬೇರೆಯದೇ ಬಣ್ಣವಾಗಿ ಕಾಣುತ್ತಿತ್ತು. ಒಳಗಿನದನ್ನು ಹೊರಗೆ ಮಾಡಿ, ಅವ್ವನ ಸೂಜಿಯಲ್ಲಿ ನಾಲ್ಕು ದಿನ ಕೂತು ಕೈಯಲ್ಲೇ ಹೊಲಿದೆ. ಒಂಬತ್ತು ವರ್ಷದ ಹುಡುಗಿಗೆ ಅದು ಸಣ್ಣ ಕೆಲಸವಲ್ಲ. ಹಾಕಿಕೊಂಡು ನೋಡಿದರೆ ದೇವರಾಣೆಗೂ ಬೇರೆ ಫ್ರಾಕು.

ನನಗೆ ಗೊತ್ತಿಲ್ಲದ್ದು ಒಂದೇ. ದೊಡ್ಡ ಮನೆಯ ಬಟ್ಟೆ ಮಡಿವಾಳರ ಮನೆಗೆ ಹೋಗುತ್ತಿತ್ತು. ಅವರು ಹತ್ತು ಮನೆಯ ಬಟ್ಟೆ ಕಲಸಿ ಹೋಗದಿರಲಿ ಎಂದು ಪ್ರತಿ ಮನೆಯದಕ್ಕೂ ಕುತ್ತಿಗೆಯ ಒಳಗೆ ಕರಿಗೇರು ಕಾಯಿಯ ರಸದಲ್ಲಿ ಒಂದು ಗುರುತು ಹಾಕುತ್ತಿದ್ದರು. ಅದು ಎಷ್ಟು ಒಗೆದರೂ ಹೋಗುವುದಲ್ಲ. ನಮ್ಮ ಮನೆಯ ಬಟ್ಟೆ ನಾವೇ ಕೆರೆಯಲ್ಲಿ ಒಗೆಯುವವರು, ನಮಗೆಲ್ಲಿಂದ ಗೊತ್ತಾಗಬೇಕು ಆ ಗುರುತಿನ ಸಂಗತಿ. ಏನೋ ಕಲೆ ಅಂದುಕೊಂಡಿದ್ದೆ. ಒಳಗಿದ್ದ ಗುರುತನ್ನು ನಾನೇ ಕಷ್ಟಪಟ್ಟು ಹೊರಗೆ ತಂದು ಬೆನ್ನ ಮೇಲೆ ಹಾಕಿಕೊಂಡು ಹೋಗಿದ್ದೆ. ನನ್ನ ಹಿಂದಿನ ಸಾಲಿನಲ್ಲಿ ಕೂತಿದ್ದ ದೊಡ್ಡ ಮನೆಯ ಮಗಳು ನನ್ನ ಬೆನ್ನ ಮೇಲಿನ ಎರಡು ಚುಕ್ಕಿ ಒಂದು ಗೆರೆಯನ್ನು ನೋಡಿ, ಇದು ನಮ್ಮನೆ ಗುರುತು ಎಂದಳು. ಅವಳೇನೂ ಹಂಗಿಸಲು ಹೇಳಿದ್ದಲ್ಲ, ಕಂಡದ್ದನ್ನು ಹೇಳಿದಳು. ನಕ್ಕಿದ್ದು ಉಳಿದವರು. ಮೇಷ್ಟರೂ ನಕ್ಕರು. ನಾನು ಸಾಯಂಕಾಲದವರೆಗೆ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದೆ, ನೀರು ಕುಡಿಯಲೂ ಏಳಲಿಲ್ಲ.

ಆವತ್ತು ನನಗೆ ಎರಡು ವಿದ್ಯೆ ಬಂದವು. ಬಟ್ಟೆಯನ್ನು ಬಿಚ್ಚಿದರೆ ಅದು ಹೇಗೆ ಹೊಲಿದದ್ದು ಎಂದು ತಿಳಿಯುತ್ತದೆ ಎಂಬುದು ಒಂದು. ನನ್ನ ಹೊಟ್ಟೆಯಲ್ಲಿ ಹುಟ್ಟುವವರಿಗೆ ಯಾರ ಮನೆಯ ಗುರುತೂ ಇರಬಾರದು ಎಂಬುದು ಇನ್ನೊಂದು.

ಕೆಲಸ ಸಿಕ್ಕ ವರ್ಷವೇ ಮಿಷನ್ ಕೊಂಡೆ. ಪೇಟೆಬೀದಿಯ ಟೈಲರೊಬ್ಬರನ್ನು ಹೇಳಿಕೊಡಿ ಎಂದು ಕೇಳಿದರೆ, ಟೀಚರಮ್ಮ ನಿಮಗ್ಯಾಕೆ ಈ ಕಸುಬು ಎಂದು ನಕ್ಕು ಕಳಿಸಿದರು. ಸರಿ, ನನ್ನದೇ ದಾರಿ ಹಿಡಿದೆ. ನನ್ನ ಚೂಡಿದಾರ ಬಿಚ್ಚಿದೆ, ನಮ್ಮ ಮನೆಯವರ ಶರ್ಟು ಬಿಚ್ಚಿದೆ, ತಿರುಗಿ ಹೊಲಿದೆ. ಶರ್ಟಿಗೆ ಕಾಲರು ತಲೆಕೆಳಗಾಗಿ ಕೂತಿತು, ಅವರು ಅದನ್ನೇ ಹಾಕಿಕೊಂಡು ಮಂಡ್ಯದ ಆಫೀಸಿಗೆ ಹೋಗಿ ಬಂದರು. ಅಂಥ ಗಂಡ. ನಾವಿಬ್ಬರೂ ಬುದ್ಧನ ಪಟದ ಮುಂದೆ ಬಿಳಿ ಬಟ್ಟೆಯಲ್ಲಿ ಮದುವೆಯಾದವರು, ಆ ಬಿಳಿ ರವಿಕೆಯೂ ನಾನೇ ಹೊಲಿದದ್ದು.

ಮಗಳು ಹುಟ್ಟಿದಾಗ ಮಾತ್ರ ಒಂದು ಪೇಚಾಟ ಬಂತು. ಹಸುಗೂಸಿಗೆ ಮೊದಲು ಹಾಕುವುದು ಹಳೇ ಬಟ್ಟೆಯೇ ಆಗಬೇಕು, ಹೊಸದು ಹಾಕಬಾರದು ಎಂಬುದು ನಮ್ಮ ಕಡೆಯ ಪದ್ಧತಿ. ಮೆತ್ತಗಿರುತ್ತದೆ ಎಂಬುದು ಅದರ ಒಳಗಿನ ಬುದ್ಧಿ. ಕೇರಿಯ ಹೆಂಗಸರು ಒಬ್ಬೊಬ್ಬರೂ ಒಂದೊಂದು ತಂದರು. ನಾನು ಎಲ್ಲ ಬೇಡವೆಂದೆ. ಅವ್ವ ತಾನು ಕೂಲಿ ಮಾಡಿ ತನಗೆಂದೇ ಕೊಂಡು, ಉಟ್ಟು ಮೆತ್ತಗೆ ಮಾಡಿಕೊಂಡಿದ್ದ ಒಂದು ವಾಯಿಲ್ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದಳು. ಅವಳ ಜನ್ಮದಲ್ಲಿ ಅವಳೇ ಅಂಗಡಿಗೆ ಹೋಗಿ ಆರಿಸಿದ ಮೊದಲ ಸೀರೆ. ಅದರಲ್ಲಿ ಲಾಡಿ ಕಟ್ಟುವ ಜುಬ್ಬ ಆರು ಆಯಿತು. ಮಗನಿಗೂ ಅವೇ. ಅಕ್ಕನದು ತಮ್ಮನಿಗೆ ಬಂದರೆ ಅದು ಬೇರೆಯವರದಲ್ಲ, ಅಷ್ಟು ವಿನಾಯಿತಿ ನನಗೆ ನಾನೇ ಕೊಟ್ಟುಕೊಂಡಿದ್ದೇನೆ.

ಹೀಗಿರುವಾಗ ಕಳೆದ ಬೇಸಿಗೆ ರಜದಲ್ಲಿ ಒಂದು ಮಧ್ಯಾಹ್ನ ನಮ್ಮ ಬಾಡಿಗೆ ಮನೆಯ ಗೇಟಿನಲ್ಲಿ ಕಾರು ನಿಂತಿತು. ಇಳಿದವಳು ಅವಳೇ, ದೊಡ್ಡ ಮನೆಯ ಮಗಳು. ಹತ್ತು ಹದಿನೈದು ವರ್ಷ ಆಗಿರಬೇಕು ನೋಡಿ. ಸೊರಗಿ ಹೋಗಿದ್ದಳು. ಈಗ ನಮ್ಮ ಜೊತೆಗೇ ಇರುವ ಅವ್ವ ಅವಳನ್ನು ನೋಡಿದ ಕೂಡಲೇ ಕುರ್ಚಿ ಬಿಟ್ಟು ಎದ್ದು ನಿಂತಳು. ಕೂರವ್ವ ಎಂದರೂ ಕೂರಲಿಲ್ಲ. ನನ್ನ ಮನೆಯಲ್ಲಿ, ನನ್ನ ಕುರ್ಚಿಯಿಂದ ಎದ್ದು ನಿಂತದ್ದು ನನಗೆ ಕಣ್ಣಲ್ಲಿ ಮರಳು ಬಿದ್ದ ಹಾಗಾಯಿತು.

ಅವಳ ಕಥೆ ಊರಿನಿಂದ ಅಷ್ಟಿಷ್ಟು ಕೇಳಿದ್ದೆ. ಎರಡು ಮಕ್ಕಳು ಹೋಗಿದ್ದವು. ಒಂದು ಹುಟ್ಟಿದ ಮೂರನೇ ದಿನಕ್ಕೆ, ಇನ್ನೊಂದು ತೆವಳಲು ಶುರುಮಾಡಿದ ಮೇಲೆ. ಈಗ ಮೂರನೆಯದು, ಗಂಡು, ತೂಕ ಕಮ್ಮಿ ಎಂದು ಮಂಡ್ಯದ ಆಸ್ಪತ್ರೆಯಲ್ಲಿ ಇಪ್ಪತ್ತು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟು ಈಗ ತವರಿಗೆ ತಂದಿದ್ದರು. ಕಾಫಿ ಕೊಟ್ಟೆ. ಕುಡಿದಳು. ಆಮೇಲೆ ತಲೆ ಬಗ್ಗಿಸಿಕೊಂಡು, ನಿನ್ನ ಮಗನ ಹಳೇ ಜುಬ್ಬ ಒಂದು ಬೇಕಿತ್ತು, ನೀನೇ ಹೊಲಿದದ್ದಂತಲ್ಲ ಎಂದಳು.

ನನಗೆ ಏನಾಯಿತು ಎಂದು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಎದೆ ಉಬ್ಬಿತು. ಆ ಮನೆಯವರು ನನ್ನ ಮನೆಗೆ ಬಟ್ಟೆ ಕೇಳಿಕೊಂಡು ಬಂದರು ಎಂದು. ನನ್ನ ಕೈ ಹೊಲಿಗೆ ಅಷ್ಟು ದೂರ ಹೆಸರಾಯಿತು ಎಂದು. ಹೆಸರಾಗದೆ ಏನು ಎಂದುಕೊಂಡೇ ಪೆಟ್ಟಿಗೆ ತೆಗೆದು ಅವ್ವನ ಸೀರೆಯ ಜುಬ್ಬಗಳನ್ನು ಒಂದೊಂದಾಗಿ ಅವಳ ಮುಂದೆ ಹರಡಿದೆ. ಯಾವುದು ಬೇಕು ಆರಿಸಿಕೋ ಎಂದೆ. ಅವಳು ಅವುಗಳನ್ನು ಸರಿಯಾಗಿ ನೋಡಲೂ ಇಲ್ಲ.

"ಯಾವ್ದಾದ್ರೂ ಆಯ್ತದೆ ಕಣೇ. ನಿಮ್ಮ ಕೇರಿ ಮನೇದಾಗಿರ್ಬೇಕು, ಈಸ್ಕಂಡು ತಂದಿದ್ದಾಗಿರ್ಬೇಕು, ಅಷ್ಟೇಯ. ನಮ್ಮವ್ವ ಏಳವ್ಳೆ."

ನನಗೆ ತಕ್ಷಣ ತಿಳಿಯಲಿಲ್ಲ. ಅವ್ವನಿಗೆ ತಿಳಿಯಿತು, ನನ್ನನ್ನು ಒಳಕ್ಕೆ ಕರೆದು ಮೆಲ್ಲಗೆ ಬಿಡಿಸಿ ಹೇಳಿದಳು. ಮಕ್ಕಳು ಉಳಿಯದ ಮನೆಯಲ್ಲಿ ಹಿಂದಿನಿಂದ ನಡೆದು ಬಂದದ್ದು ಅದು. ಹುಟ್ಟಿದ ಕೂಸನ್ನು ತಿಪ್ಪೆಯಲ್ಲಿ ಹೊರಳಿಸಿ ಎತ್ತಿಕೊಳ್ಳುವುದು, ಇಲ್ಲ ಕೇರಿಯ ಮನೆಯಿಂದ ಹಳೇ ಬಟ್ಟೆ ಬೇಡಿ ತಂದು ಹಾಕುವುದು. ಆಗ ಸಾವು ಬಂದು ನೋಡಿ, ಇದು ಯಾತಕ್ಕೂ ಬಾರದ ಮನೆಯ ಕೂಸು, ಇದನ್ನು ತಗೊಂಡು ಏನು ಮಾಡಲಿ ಎಂದು ಬಿಟ್ಟು ಹೋಗುತ್ತದಂತೆ.

ಅಂದರೆ ಸಾವೂ ಮೂಗು ಮುರಿಯುವಷ್ಟು ಕೀಳು ನನ್ನ ಮಕ್ಕಳ ಜುಬ್ಬ. ಅವ್ವನ ಕೂಲಿಯ ಸೀರೆ. ನಾನು ರಾತ್ರಿ ಹಗಲೆನ್ನದೆ, ಕೂಸಿನ ಮೈಗೆ ಒತ್ತದಿರಲಿ ಎಂದು ಹೊಲಿಗೆಯ ಅಂಚನ್ನೆಲ್ಲ ಹೊರಕ್ಕೆ ತೆಗೆದು ಹೊಲಿದ ಬಟ್ಟೆ. ಅವ್ವ ನನ್ನ ಮುಖ ನೋಡಿಯೇ ಕೈ ಹಿಡಿದುಕೊಂಡಳು.

"ಕೊಟ್ಬುಡವ್ವ. ಮಗೀನ ಜೀವ ಕಣವ್ವ ಅದು. ಒಂದು ಬಟ್ಟೇಲಿ ನಮ್ದೇನ್ ಓಯ್ತದೆ?"

ಏನು ಹೋಗುತ್ತದೆ ಎಂದು ಅವಳಿಗೆ ಹೇಳಿ ತಿಳಿಸುವುದು ಹೇಗೆ. ಹೊರಗೆ ಬಂದು ಜುಬ್ಬಗಳನ್ನು ಒಂದೊಂದಾಗಿ ಮಡಚಿ ಪೆಟ್ಟಿಗೆಗೆ ಹಾಕಿ ಚಿಲಕ ಹಾಕಿದೆ. ಅವಳು ನೋಡುತ್ತಾ ಕೂತಿದ್ದಳು.

"ಈ ಮನೇಲಿ ಹಳೇದು ಈಸ್ಕೊಳ್ಳೋದೂ ಇಲ್ಲ, ಕೊಡೋದೂ ಇಲ್ಲ. ನಿನ್ನ ಮಗಂಗೆ ಹೊಸದು ಹೊಲಿದು ಕೊಡ್ತೀನಿ. ಅಳತೆ ಬೇಕು. ಮಗೂನ ಎತ್ಕೊಂಡು ಬಾ, ನನ್ನ ತೊಡೆ ಮೇಲೆ ಮಲಗಿಸು."

ಅವಳು ಎದ್ದು ಹೋದಳು. ಅವ್ವ ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಳು. ಮುದ್ದೆ ತಿರುವಿ ಇಡುತ್ತಿದ್ದಳು, ಬಡಿಸುತ್ತಿದ್ದಳು, ಮೊಮ್ಮಕ್ಕಳ ಜೊತೆ ನಗುತ್ತಿದ್ದಳು, ನನ್ನ ಕಡೆ ಮಾತ್ರ ತಿರುಗುತ್ತಿರಲಿಲ್ಲ. ನಾನೂ ಬಗ್ಗಲಿಲ್ಲ. ಆದರೆ ಒಳಗೆ ಹೆದರಿಕೆ ಇತ್ತು. ಇಂಥ ನಂಬಿಕೆಯೆಲ್ಲ ಮಣ್ಣು ಮಸಿ ಎಂದು ಮಕ್ಕಳಿಗೆ ಕ್ಲಾಸಿನಲ್ಲಿ ಹೇಳುವವಳು, ಊರ ಕಡೆಯಿಂದ ಫೋನು ಬಂದರೆ ಮೊದಲು ಆ ಕೂಸಿನ ಸುದ್ದಿಯೇನೋ ಎಂದು ಬೆಚ್ಚುತ್ತಿದ್ದೆ. ಆ ಹೆದರಿಕೆಗೂ ನನ್ನ ಮೇಲೆ ನನಗೆ ಸಿಟ್ಟು.

ಒಂಬತ್ತನೇ ದಿನ ಅವಳು ಬಂದಳು. ಕಾರಿನಲ್ಲಲ್ಲ, ಬಸ್ಸಿನಲ್ಲಿ, ಮನೆಯಲ್ಲಿ ಡಾಕ್ಟರ ಹತ್ತಿರ ಎಂದು ಸುಳ್ಳು ಹೇಳಿ. ಟವೆಲಿನಲ್ಲಿ ಸುತ್ತಿದ್ದ ಕೂಸನ್ನು ತಂದು ನನ್ನ ತೊಡೆಯ ಮೇಲೆ ಮಲಗಿಸಿದಳು. ಅಷ್ಟು ಹಗುರ. ಎಳೇ ಮಕ್ಕಳಿಗೆ ನಾನು ಟೇಪು ಹಿಡಿಯುವುದಿಲ್ಲ, ಗೇಣಿನಲ್ಲೇ ಅಳೆಯುವುದು. ಎದೆ ನನ್ನ ಒಂದು ಗೇಣು ಮತ್ತು ಎರಡು ಬೆರಳು. ತೋಳು ನನ್ನ ಮಧ್ಯದ ಬೆರಳಿನಷ್ಟು. ಅಳೆಯುವಾಗ ಅದು ನನ್ನ ಹೆಬ್ಬೆಟ್ಟು ಹಿಡಿದುಕೊಂಡಿತು, ಬಿಡಿಸಲು ಅವಳೂ ಅವಸರ ಮಾಡಲಿಲ್ಲ, ನಾನೂ ಮಾಡಲಿಲ್ಲ. ತೆಳು ಹತ್ತಿಯ ಹೊಸ ಮಲ್ಲು ಬಟ್ಟೆಯನ್ನು ನಾನು ಮೊದಲೇ ತಂದು, ನಾಲ್ಕು ಸಲ ಬಿಸಿನೀರಿನಲ್ಲಿ ಅದ್ದಿ ಗಂಜಿ ಬಿಡಿಸಿ ಇಟ್ಟಿದ್ದೆ. ಬರುತ್ತಾಳೆ ಎಂದು ನನಗೆ ಗೊತ್ತಿತ್ತೋ ಏನೋ. ಅವಳು ಕೂತಿರುವಾಗಲೇ ಹೊಲಿದು ಮುಗಿಸಿದೆ. ನೆರಿಗೆ ಇಲ್ಲದ ಬಟ್ಟೆ, ಹಾಗಾಗಿ ತಪ್ಪೂ ಇಲ್ಲ. ಅವಳು ಅದನ್ನು ಅಲ್ಲೇ ಕೂಸಿಗೆ ತೊಡಿಸಿ ಲಾಡಿ ಕಟ್ಟಿದಳು. ಗೇಟಿನವರೆಗೆ ಕಳಿಸಿ ಬರಲು ಅವ್ವ ಹೋದಳು. ವಾಪಸು ಬಂದು ನನ್ನ ಜೊತೆ ಮಾತಾಡಿದಳು. ನಾನು ಗೆದ್ದೆ ಅಂದುಕೊಂಡೆ.

ಎರಡು ವಾರ ಕಳೆದು ಅವ್ವ ಊರಿಗೆ ಹೋಗಿ ಬಂದಳು. ಬರುವಾಗ ಮುಖವೆಲ್ಲ ಬೆಳಕು. ಕೂಸು ಹಾಲು ಚೆನ್ನಾಗಿ ಕುಡಿಯುತ್ತಿದೆಯಂತೆ, ಮೈ ತುಂಬಿದೆಯಂತೆ, ದೊಡ್ಡ ಮನೆಯ ಯಜಮಾನಿಯೇ ಅವ್ವನನ್ನು ಕರೆದು, ನಿನ್ನ ಮೊಮ್ಮಗನ ಹಳೇ ಜುಬ್ಬ ಸಾವನ್ನು ತಡೆಯಿತು ಎಂದರಂತೆ. ನಾನು ಯಾವ ಹಳೇ ಜುಬ್ಬ ಎಂದೆ. ಅವ್ವ ಸೆರಗಿನ ತುದಿ ತಿರುವುತ್ತಾ ನಿಂತಳು.

"ಅವತ್ತು ಗೇಟ್ ತಾವ ನಾನೇ ಅವ್ಳಿಗೆ ಏಳ್ಕೊಟ್ಟೆ ಕಣವ್ವ, ಹಳೇದು ಅಂತ ನಿಮ್ಮವ್ವಂಗೆ ಏಳು ಅಂತ. ನಿನ್ ಅಟಾನೂ ಉಳೀಲಿ, ಅವ್ರ ನೆಮ್ಮದೀನೂ ಉಳೀಲಿ ಅಂತ."

ಅವ್ವನ ಮೇಲೆ ಕೂಗಾಡಿದೆ. ಆಮೇಲೆ ಅದಕ್ಕೆ ಬೇಜಾರಾಯಿತು, ಆದರೂ ಮನಸ್ಸು ತಣ್ಣಗಾಗಲಿಲ್ಲ. ಊರಿನಲ್ಲಿ ಈಗ ಮಾತು ಏನೆಂದರೆ ನಮ್ಮ ಮನೆಯ ಚಿಂದಿ ಆ ಕೂಸನ್ನು ಉಳಿಸಿತು ಎಂದು. ನಾಳೆ ಇನ್ನೊಂದು ಮನೆಯವರು ನಮ್ಮ ಕೇರಿಗೆ ಚಿಂದಿ ಕೇಳಿಕೊಂಡು ಬರುತ್ತಾರೆ. ನನ್ನ ಮಗ ದೊಡ್ಡವನಾಗಿ ಊರಿಗೆ ಹೋದರೆ, ಯಾರ ಬಟ್ಟೆ ಕಂಡು ಸಾವು ಹೇಸಿತೋ ಅವನು ಇವನೇ ಎಂದು ತೋರಿಸುತ್ತಾರೆ. ಇದು ನಡೆಯಲು ನಾನು ಬಿಡುವುದಿಲ್ಲ ಎಂದು ಮಾರನೇ ದಿನವೇ ಮಗಳ ಕೈ ಹಿಡಿದುಕೊಂಡು ಬಸ್ಸು ಹತ್ತಿದೆ.

ದೊಡ್ಡ ಮನೆಯ ಮುಂಬಾಗಿಲಿಗೆ ನಾನು ಹೋದದ್ದು ಅದೇ ಮೊದಲು. ಯಜಮಾನಿ ಹಜಾರದಲ್ಲಿ ಕಾಲು ಚಾಚಿ ಕೂತಿದ್ದರು. ವಯಸ್ಸಾಗಿತ್ತು. ಅವಳು ಕಂಬಕ್ಕೆ ಒರಗಿ ಕೂಸಿಗೆ ಹಾಲು ಕೊಡುತ್ತಿದ್ದಳು, ಕೂಸಿನ ಮೈಮೇಲೆ ಅದೇ ಬಿಳಿ ಜುಬ್ಬ. ನನ್ನನ್ನು ಕಂಡು ಅವಳ ಮುಖ ಬಿಳುಚಿತು, ಬೇಡ ಎನ್ನುವ ಹಾಗೆ ತಲೆ ಅಲ್ಲಾಡಿಸಿದಳು. ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ ನಿಂತು, ಯಜಮಾನಿಗೆ ಕೇಳಿಸುವ ಹಾಗೆ ಹೇಳಿದೆ. ಆ ಜುಬ್ಬ ಯಾರೂ ಹಾಕಿ ಬಿಟ್ಟದ್ದಲ್ಲ. ಹೊಸ ಬಟ್ಟೆ ತಂದು, ಈ ಕೂಸಿನ ಅಳತೆ ತೆಗೆದು, ಈ ಕೂಸಿಗೆ ಎಂದೇ ನಾನು ಹೊಲಿದದ್ದು. ನನ್ನ ಮಕ್ಕಳ ಬಟ್ಟೆ ನನ್ನ ಪೆಟ್ಟಿಗೆಯಲ್ಲೇ ಇದೆ.

ಅವರು ಕಾಲು ಮಡಚಿಕೊಂಡು ಎದ್ದರು. ಎರಡು ಮಕ್ಕಳನ್ನು ಮಣ್ಣು ಮಾಡಿದ ಮನೆಯ ಹೆದರಿಕೆ ಆ ಮುಖದಲ್ಲಿ ನನಗೆ ಕಾಣಿಸಿತು. ಅದನ್ನು ಕಾಣಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಿಚ್ಚೇ ಅದ ಎಂದು ತಮ್ಮ ಮಗಳಿಗೆ ಹೇಳಿ, ತಾವೇ ಕೂಸಿನ ಲಾಡಿಗೆ ಕೈ ಹಾಕಿದರು. ನನ್ನ ಕಡೆ ತಿರುಗಿ, ಮಗೀಗೆ ಏನಾದ್ರೂ ಆದ್ರೆ ಯಾರು ತಂದು ಕೊಡ್ತಾರೆ ಎಂದರು.

ಬಂದದ್ದು ತಪ್ಪಾಯಿತೇನೋ ಎಂದು ಆ ಒಂದು ಗಳಿಗೆ ನಿಜವಾಗಿ ಅನ್ನಿಸಿತು. ಆಗ ಅವಳು ತಾಯಿಯ ಕೈಯನ್ನು ಲಾಡಿಯಿಂದ ತೆಗೆದಳು.

"ಇದು ಸಾವಿಗೆ ಬ್ಯಾಡ ಅನ್ನೋ ಮಗ ಅಲ್ಲ ಕಣವ್ವ, ನಂಗೆ ಬೇಕು ಅನ್ನೋ ಮಗ. ಇದ್ಕೆ ಅಂತ ಒಬ್ಳು ಕುಂತು ಒಲ್ದವಳೆ. ನಾನು ಬಿಚ್ಚಕಿಲ್ಲ."

ಯಜಮಾನಿ ನಮ್ಮಿಬ್ಬರನ್ನೂ ನೋಡಿದರು. ಆಮೇಲೆ ಒಳಮನೆಗೆ ಹೋದರು. ನನ್ನನ್ನು ಕೂರು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಅವಳು ಕೂಸಿಗೆ ಇನ್ನೊಂದು ಮಗ್ಗುಲ ಹಾಲು ಕೊಡಲು ತಿರುಗಿ ಕೂತಳು. ನಾನು ಮಗಳನ್ನು ಪಕ್ಕಕ್ಕೆ ಎಳೆದುಕೊಂಡು ಆ ಹಜಾರದಲ್ಲಿ ಕೂತೆ, ಕೂಸು ಕುಡಿದು ಮಲಗುವವರೆಗೂ ಎದ್ದು ಬರಲಿಲ್ಲ.